ಆ ರಾತ್ರಿ ನಾವು ಡ್ಯೂಟಿಯಲ್ಲಿದ್ದೆವು

ಇನ್ನು ಮೇಲೆ ರಾತ್ರಿ ಗಾಡಿಯಲ್ಲಿ ಕೂರಬೇಕಾಗಿಲ್ಲ, ಮನೆಗೆ ಹೋಗಿ ಮಲಗಬಹುದು ಎಂದು ಕಂಪನಿಯವರು ಹೇಳಿದ ದಿನ ನಾವು ಸಂತೋಷವನ್ನೇ ಪಟ್ಟೆವು.

ಆಗ ನಾನು ಕನಕಪುರ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ಆಂಬುಲೆನ್ಸ್ ನರ್ಸ್ ಆಗಿದ್ದೆ. ಗಾಡಿ ಸರ್ಕಾರದ್ದು, ನಡೆಸುವವರು ಗುತ್ತಿಗೆ ಕಂಪನಿಯವರು. ಆರೋಗ್ಯ ಕೇಂದ್ರದ ಹಿಂದೆ ಹುಣಸೆಮರದ ಕೆಳಗೆ ಗಾಡಿ ನಿಲ್ಲುತ್ತಿತ್ತು. ಹಗಲಿಗೆ ಒಬ್ಬ ಡ್ರೈವರ್, ಒಬ್ಬ ನರ್ಸ್; ರಾತ್ರಿಗೆ ಇನ್ನೊಂದು ಜೋಡಿ. ನಮ್ಮದು ರಾತ್ರಿಯ ಜೋಡಿ. ಸಂಜೆ ಚನ್ನಪಟ್ಟಣದ ಮನೆಯಿಂದ ಬಸ್ಸಿನಲ್ಲಿ ಬಂದು, ಕಾಲ್ ಇಲ್ಲದ ಹೊತ್ತಿನಲ್ಲಿ ಸ್ಟ್ರೆಚರ್ ಪಕ್ಕದ ಸೀಟಿಗೆ ಒರಗಿಕೊಂಡಿದ್ದು, ಬೆಳಿಗ್ಗೆ ಮತ್ತೆ ಬಸ್ಸು ಹತ್ತುತ್ತಿದ್ದೆ. ಸೊಳ್ಳೆ, ಸೆಕೆ, ಸೊಂಟನೋವು ಎಲ್ಲ ಇದ್ದವು. ಆದರೆ ಬೆಳಕು ಹರಿದ ಮೇಲೆ ನಾನು ಯಾರಿಗೂ ಬೇಕಾದವಳಲ್ಲ ಎಂಬುದು ಖಚಿತವಿತ್ತು.

ಹೊಸ ಏರ್ಪಾಟಿನ ಪೂರ್ತಿ ವಿವರ ಆಮೇಲೆ ತಿಳಿಯಿತು. ಎರಡು ಜೋಡಿಯ ಬದಲು ಗಾಡಿಗೆ ಒಂದೇ ಜೋಡಿ. ಹಗಲು ಗಾಡಿಯಲ್ಲಿ ಡ್ಯೂಟಿ. ರಾತ್ರಿ ಮನೆ, ಕೈಯಲ್ಲಿ ಫೋನು. ಕಾಲ್ ಬಂದರೆ ಕಾಲು ಗಂಟೆಯೊಳಗೆ ಗಾಡಿಯ ಹತ್ತಿರ ಇರಬೇಕು. ರಾತ್ರಿಯ ಸಂಬಳ ಗಾಡಿಯ ಚಕ್ರ ಉರುಳಿದ ಹೊತ್ತಿಗೆ ಮಾತ್ರ. ಇದಕ್ಕೆ ಅವರು ಇಟ್ಟ ಹೆಸರು ‘ಆನ್ ಕಾಲ್’. ಹೆಚ್ಚಾದ ಜೋಡಿಯನ್ನು ಬೇರೆ ಎಲ್ಲಿಗೋ ಕಳಿಸಿದರು.

ಕಾಲು ಗಂಟೆಯಲ್ಲಿ ಚನ್ನಪಟ್ಟಣದಿಂದ ಬರುವುದು ಆಗದ ಮಾತು. ಆರೋಗ್ಯ ಕೇಂದ್ರದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮಗಳು ಚನ್ನಪಟ್ಟಣದಲ್ಲಿ ಅವರಪ್ಪನ ಹತ್ತಿರ ಉಳಿದಳು. ವಾರದ ರಜೆಯ ದಿನ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ. ಕೋಣೆಯಲ್ಲಿ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಚ್ಚಲಿಗೂ ಒಯ್ಯುತ್ತಿದ್ದೆ. ರಾತ್ರಿ ಸೀರೆ ಬಿಟ್ಟು ಯೂನಿಫಾರಂ ಪ್ಯಾಂಟಿನಲ್ಲೇ ಮಲಗುವುದು ರೂಢಿಯಾಯಿತು. ಬೈರಾಪಟ್ಟಣದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ ಆದಾಗ ನಾನು ಕೋಣೆಯಲ್ಲಿ ಗೋಡೆ ನೋಡುತ್ತ ಬಿದ್ದುಕೊಂಡಿದ್ದೆ. ಆ ರಾತ್ರಿ ಕಾಲ್ ಬರಲಿಲ್ಲ. ಕಂಪನಿಯ ಲೆಕ್ಕದಲ್ಲಿ ನಾನು ಆ ರಾತ್ರಿ ವಿಶ್ರಾಂತಿ ತೆಗೆದುಕೊಂಡಿದ್ದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕಿನ ಗಾಡಿಗಳವರು ಸೇರಿ ರಾಮನಗರದ ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೆವು. ಕಾಯುವುದೂ ಕೆಲಸವೇ, ಅದಕ್ಕೂ ಸಂಬಳ ಕೊಡಿಸಿ ಎಂದು. ಮೊದಲ ವಿಚಾರಣೆಗೆ ಕಂಪನಿಯ ಪರವಾಗಿ ಬಂದಾತ ಬಹಳ ಮೃದುವಾಗಿ ಮಾತಾಡಿದ. “ಸರ್, ಮನೇಲಿ ಊಟ ಮಾಡ್ತಾರೆ, ಟೀವಿ ನೋಡ್ತಾರೆ, ನಿದ್ದೆ ಮಾಡ್ತಾರೆ. ನಿದ್ದೆಗೆ ಯಾರಾದ್ರೂ ಸಂಬಳ ಕೊಡ್ತಾರಾ?” ಕಾರ್ಮಿಕ ಅಧಿಕಾರಿ ನಮ್ಮತ್ತ ನೋಡಿದರು. ನಾವು ಅರ್ಜಿಯಲ್ಲಿದ್ದದ್ದನ್ನೇ ಮತ್ತೆ ಹೇಳಿದೆವು. ಮುಂದಿನ ದಿನಾಂಕ ಕೊಟ್ಟರು. ಮುಂದಿನ ಸಲ ಕಂಪನಿಯವರು ಬರಲೇ ಇಲ್ಲ. ಅದರ ಮುಂದಿನ ಸಲ ಅಧಿಕಾರಿಗೆ ಚುನಾವಣೆಯ ಕೆಲಸ ಬಿತ್ತು. ನಮ್ಮವರು ಒಬ್ಬೊಬ್ಬರೇ ಬರುವುದು ಬಿಟ್ಟರು. ನನಗೂ ಸಿಟ್ಟು ಇಳಿದುಹೋಗಿತ್ತು. ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ಫೋನು ಬಡಿದರೆ ಏಳುವುದು, ಹೋಗುವುದು, ಗಾಡಿ ತೊಳೆಯುವುದು, ಮತ್ತೆ ಬೀಳುವುದು. ಹೆರಿಗೆಯಾಗಿ ಮಗು ಅತ್ತರೂ, ಆಕ್ಸಿಡೆಂಟಿನಲ್ಲಿ ಬಿದ್ದವನು ದಾರಿಯಲ್ಲೇ ಹೋದರೂ ಕೈಗಳು ಅವುಗಳ ಪಾಡಿಗೆ ಕೆಲಸ ಮಾಡುತ್ತಿದ್ದವು.

ಕಬ್ಬಾಳಿನ ಕಡೆಯ ತೋಟದ ಮನೆಯಿಂದ ಕಾಲ್ ಬಂದದ್ದು ಇಂಥ ಒಂದು ರಾತ್ರಿ. ಐವತ್ತು ದಾಟಿದ ಗಂಡಸು, ಎದೆನೋವು, ಮೈಯೆಲ್ಲ ಬೆವರು ಎಂದು ಕಾಲ್ ಸೆಂಟರಿನ ಹುಡುಗಿ ಹೇಳಿದಳು. ನಾನು ಓಡಿಹೋಗಿ ಗಾಡಿ ತೆರೆದೆ. ಆಕ್ಸಿಜನ್ ಸಿಲಿಂಡರ್ ತಿರುಗಿಸಿ ಮುಳ್ಳು ನೋಡಿದೆ. ಮಾಸ್ಕು, ಉಸಿರು ಒತ್ತುವ ಬ್ಯಾಗು, ಬಿ.ಪಿ. ಪಟ್ಟಿ, ನಾಲಿಗೆಯ ಕೆಳಗೆ ಇಡುವ ಮಾತ್ರೆ ಎಲ್ಲ ಕೈಗೆಟುಕುವ ಹಾಗೆ ಜೋಡಿಸಿದೆ. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಡ್ರೈವರ್ ಬಂದಿರಲಿಲ್ಲ. ಗಾಡಿಯ ಕೀ ನನ್ನ ಕೈಯಲ್ಲೇ ಇತ್ತು. ನನಗೆ ಓಡಿಸಲು ಬರುತ್ತಿರಲಿಲ್ಲ.

ನಮ್ಮ ಡ್ರೈವರ್ ನನಗಿಂತ ಹದಿನೈದು ವರ್ಷ ದೊಡ್ಡವರು. ಕಾಡಂಚಿನ ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರಬೇಕಿತ್ತು. ಒಂದು ದಿನವೂ ತಡ ಮಾಡಿದವರಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಎತ್ತಿ ಪಿಸುಗುಟ್ಟಿದರು.

“ಆನೆ ಅವೆ ಸಿಸ್ಟರ್. ರೋಡಲ್ಲೇ ನಿಂತವೆ. ಮರಿ ಬ್ಯಾರೆ ಐತೆ. ಅಲ್ಲಾಡಕಾಯ್ತಿಲ್ಲ.”

ಕನಕಪುರದ ಗಾಡಿ ಒಬ್ಬ ರೋಗಿಯನ್ನು ಬೆಂಗಳೂರಿಗೆ ಕರೆದೊಯ್ದಿತ್ತು. ಬೇರೆ ಗಾಡಿ ಬರುವ ಹೊತ್ತಿಗೆ ನಾವೇ ತಲುಪುತ್ತೇವೆ ಎಂದು ಕಾಲ್ ಸೆಂಟರಿನವರೂ ಕಾದರು. ನಾನು ಹಿಂದಿನ ಬಾಗಿಲು ತೆರೆದಿಟ್ಟು ರಸ್ತೆ ನೋಡುತ್ತ ಕೂತೆ. ಆ ಹೊತ್ತನ್ನು ನಾನು ಹೇಗೂ ಅಳೆಯಲಾರೆ. ಮೊಪೆಡ್ಡಿನ ಲೈಟು ಕಂಡಾಗ ಎದ್ದು ನಿಂತೆ, ಅಷ್ಟೇ ನೆನಪು.

ನಾವು ಹೋದಾಗ ಆತನನ್ನು ರೇಷ್ಮೆ ಹುಳು ಸಾಕುವ ಮನೆಯ ಜಗಲಿಯ ಮೇಲೆ ಮಲಗಿಸಿದ್ದರು. ಉಸಿರು ಬಿಕ್ಕಿನಂತೆ ಒಮ್ಮೊಮ್ಮೆ ಮಾತ್ರ ಬರುತ್ತಿತ್ತು. ಕುತ್ತಿಗೆಯಲ್ಲಿ ನಾಡಿ ಸಿಗಲಿಲ್ಲ. ನೆಲದ ಮೇಲೇ ಎದೆ ಒತ್ತಲು ಶುರು ಮಾಡಿದೆ. ಆಮೇಲೆ ಸ್ಟ್ರೆಚರಿಗೆ ಹಾಕಿ ಗಾಡಿಗೆ ಏರಿಸಿ, ಓಡುತ್ತಿದ್ದ ಗಾಡಿಯಲ್ಲಿ ಒಂದು ಮಂಡಿ ಊರಿಕೊಂಡು ಒತ್ತುತ್ತಲೇ ಇದ್ದೆ. ಆತನ ಹೆಂಡತಿ ಕಾಲು ಹಿಡಿದುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಆಕೆ ಕೇಳಿದ್ದು ಒಂದೇ ಮಾತು.

“ಫೋನ್ ಮಾಡಿ ಎಷ್ಟೊತ್ತಾಯ್ತವ್ವಾ? ಎಲ್ಲಿಗೋಗಿದ್ರಿ?”

ಕನಕಪುರದಲ್ಲಿ ಡಾಕ್ಟರು ನೋಡಿ, ಮುಗಿದಿದೆ ಎಂದರು. ನನ್ನ ಮಣಿಕಟ್ಟು ನೋಯುತ್ತಿತ್ತು. ಅದೊಂದು ಬಿಟ್ಟರೆ ಬೇರೆ ಏನೂ ಅನ್ನಿಸಲಿಲ್ಲ. ವಾಪಸ್ಸು ಬಂದು ಗಾಡಿಯ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದೆ. ಆ ರಾತ್ರಿಗೂ ನಮಗೆ ಬಂದದ್ದು ಚಕ್ರ ಉರುಳಿದ ಹೊತ್ತಿನ ಸಂಬಳ. ತೆರೆದ ಬಾಗಿಲಿನಲ್ಲಿ ನಾನು ರಸ್ತೆ ನೋಡುತ್ತ ಕೂತ ಹೊತ್ತು, ಡ್ರೈವರ್ ಆನೆಗಳೆದುರು ಲೈಟು ಆರಿಸಿಕೊಂಡು ನಿಂತ ಹೊತ್ತು ಅದರಲ್ಲಿ ಸೇರಿರಲಿಲ್ಲ.

ತಿಥಿ ಮುಗಿಯುವ ಮೊದಲೇ ಆ ಮನೆಯವರು ಆರೋಗ್ಯ ಇಲಾಖೆಗೆ ದೂರು ಕೊಟ್ಟರು. ನನ್ನ ಮೇಲೆ, ಡ್ರೈವರ್ ಮೇಲೆ. ಕಂಪನಿಯ ಜಿಲ್ಲಾ ಮೇಲ್ವಿಚಾರಕ ಕಾರು ಮಾಡಿಕೊಂಡು ಬಂದ. ನನಗಿಂತ ಚಿಕ್ಕವನು, ಒಳ್ಳೆಯ ಮಾತಿನವನು. ಡ್ರೈವರನ್ನು ಆವತ್ತೇ ಕೆಲಸದಿಂದ ನಿಲ್ಲಿಸಿದ. ನನ್ನನ್ನು ಹುಣಸೆಮರದ ಕೆಳಗೆ ಕರೆದ.

“ಮೇಡಂ, ನೀವು ಸೇಫ್. ನೀವು ಟೈಮಿಗೆ ಗಾಡಿ ಹತ್ರ ಬಂದಿದ್ದೀರ. ಡ್ರೈವರ್ ಫೋನ್ ಎತ್ತಲಿಲ್ಲ, ನೆಗ್ಲಿಜೆನ್ಸ್ ಅಂತ ಒಂದು ಹೇಳಿಕೆ ಬರೆದುಕೊಡಿ. ಮನೆಯವರ ಜೊತೆ ನಾನು ಮಾತಾಡ್ತೀನಿ, ದೂರು ವಾಪಸ್ ತಗೋತಾರೆ.”

“ಹಾಗಾದ್ರೆ ಡ್ರೈವರ್ ಆವಾಗ ಡ್ಯೂಟಿಯಲ್ಲಿದ್ರಾ ಸರ್?”

“ಆನ್ ಕಾಲ್ ಇದ್ರು.”

“ಆನ್ ಕಾಲ್ ಅಂದ್ರೆ ಡ್ಯೂಟಿನಾ?”

“ಆನ್ ಕಾಲ್ ಅಂದ್ರೆ ಆನ್ ಕಾಲ್ ಮೇಡಂ,” ಎಂದು ನಕ್ಕ. ನಾನು ಕೇಳಿದ್ದು ಜಾಣತನದಿಂದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದೆ. ಅವನು ಕಾರು ಹತ್ತಿ ಹೋದ ಮೇಲೆ ಅವನ ಉತ್ತರ ತಲೆಯಲ್ಲಿ ಉಳಿಯಿತು. ಸಂಬಳ ಕೇಳಿದಾಗ ನಾವು ಮನೆಯಲ್ಲಿ ಮಲಗಿದ್ದವರು. ಒಬ್ಬ ಮನುಷ್ಯ ಸತ್ತಾಗ ನಾವು ಕೆಲಸಕ್ಕೆ ತಡವಾಗಿ ಬಂದವರು.

ಮಾರನೆಯ ದಿನ ಡ್ರೈವರ್ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಮೊಪೆಡ್ಡಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಹೇಳಿಕೆಯ ವಿಷಯ ಹೇಳಿದೆ.

“ಬರ್ಕೊಟ್ಬುಡಿ ಸಿಸ್ಟರ್,” ಎಂದರು, ತಲೆ ಎತ್ತದೆ. “ಇಬ್ರೂ ಯಾಕ್ ಆಳಾಗದು. ನಿಮ್ಗೆ ಎಣ್ ಮಗ ಐತೆ.”

“ನಾವಿಬ್ರೂ ಡ್ಯೂಟಿಯಲ್ಲಿದ್ವಿ ಅಂತ ಬರೆದುಕೊಟ್ರೆ?”

“ಅಂಗ್ ಬರುದ್ರೆ ತಡ ಆಗಿದ್ದೂ ನಮ್ ತಲೆ ಮ್ಯಾಲೇ ಬತ್ತದೆ.”

“ಬರ್ಲಿ ಅಣ್ಣ.”

ಅವರು ಕೈ ಒರೆಸಿಕೊಂಡರು. ಆಮೇಲೆ, “ಡ್ಯೂಟಿಲೇ ಇದ್ದೆ ಸಿಸ್ಟರ್. ಡ್ಯೂಟಿ ಇಲ್ದೆ ಆ ಒತ್ನಲ್ಲಿ ಆನೆ ಮುಂದ್ಕೆ ಯಾವನ್ ಓಯ್ತಾನೆ?” ಎಂದರು.

ಇಬ್ಬರೂ ಡ್ಯೂಟಿಯಲ್ಲಿದ್ದೆವು ಎಂದೇ ಬರೆದುಕೊಡುವುದೆಂದು ಅಲ್ಲಿಗೆ ನಿರ್ಧಾರವಾಯಿತು. ಡ್ಯೂಟಿಯಲ್ಲಿದ್ದೆವು ಎಂದರೆ ಕೆಲಸ ಹೋಗಬಹುದು. ಡ್ಯೂಟಿಯಲ್ಲಿರಲಿಲ್ಲ ಎಂದರೆ ರಾತ್ರಿಗಳ ಸಂಬಳ ಹೋಗುತ್ತದೆ, ಕಳೆದ ರಾತ್ರಿಗಳದ್ದೂ ಇನ್ನು ಬರುವ ರಾತ್ರಿಗಳದ್ದೂ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಆದರೆ ನಾವು ಹೀಗೆ ಬರೆದುಕೊಟ್ಟರೂ, ಆ ಮನೆಯವರು ದೂರು ವಾಪಸ್ಸು ತೆಗೆದುಕೊಂಡರೆ ಕಂಪನಿ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಡ್ರೈವರನ್ನು ಮನೆಗೆ ಕಳಿಸಿ ಬಾಗಿಲು ಮುಚ್ಚುತ್ತಿದ್ದರು. ಹಾಗಾಗಿ ನನ್ನ ಮೇಲಿನ ದೂರನ್ನು ಬಿಟ್ಟುಕೊಡಬೇಡಿ ಎಂದು ಕೇಳುವುದಕ್ಕೆ ನಾನು ಕಬ್ಬಾಳಿಗೆ ಹೋದೆ. ಗಂಡನಿಗೆ ಫೋನು ಮಾಡಿ ಹೇಳಿದಾಗ ಅವರು, “ನಿಂಗೆ ತಲೆ ನೆಟ್ಟಗೈತಾ?” ಎಂದು ಮಾತ್ರ ಕೇಳಿದರು.

ಸತ್ತವರ ಹೆಂಡತಿ ಹುಳುಮನೆಯ ಮುಂದೆ ಕೂತು ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದರು. ನನ್ನ ಗುರುತು ಹಿಡಿದರು. ಹುಳುಗಳಿಗೆ ಸೋಂಕು ತಗಲದಿರಲೆಂದು ಹೊಸ್ತಿಲಿಗೆ ಹಾಕಿದ್ದ ಸುಣ್ಣದ ಪುಡಿ ತೋರಿಸಿ, “ಅಲ್ಲೇ ನಿಂತ್ಕೊ. ಒಳಿಕ್ ಬರ್ಬ್ಯಾಡ. ಹುಳ ಅವೆ,” ಎಂದರು.

ನಾನು ನಿಂತೆ. ಒಳಗಿನಿಂದ ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು.

“ಕಾರಲ್ಲಿ ಒಬ್ಬ ಬಂದಿದ್ದ,” ಎಂದು ಆಕೆಯೇ ಶುರು ಮಾಡಿದರು. “ಡ್ರೈವರ್ನ ತೆಗುದ್ಬುಡ್ತೀವಿ, ನಿಮ್ಗೂ ಒಸಿ ಸಾಯ ಮಾಡ್ತೀವಿ, ಕಂಪ್ಲೇಂಟು ವಾಪಸ್ ತಕಳಿ ಅಂದ. ನೀನೂ ಅದ್ನೇ ಕೇಳಕ್ ಬಂದಾ?”

“ಇಲ್ಲವ್ವಾ. ವಾಪಸ್ ತಗೋಬೇಡಿ ಅಂತ ಕೇಳೋಕೆ ಬಂದೆ.”

ಆಕೆಯ ಕೈ ನಿಂತಿತು. ನಾನು ಎಲ್ಲ ಹೇಳಿದೆ. ಮೊದಲು ರಾತ್ರಿಗೆ ಬೇರೆ ಜೋಡಿ ಇದ್ದದ್ದು, ಅದನ್ನು ತೆಗೆದದ್ದು, ಫೋನು ಬಂದಾಗ ನಾವು ಎಲ್ಲಿದ್ದೆವು, ಆನೆಗಳು, ನಾನು ಕೀ ಹಿಡಿದು ಕೂತದ್ದು. ಲೇಬರ್ ಆಫೀಸಿನಲ್ಲಿ ನಡೆಯುತ್ತಿರುವುದನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ನೀನು ನಿನ್ ಸಂಬಳುಕ್ಕೋಸ್ಕರ ಬಂದಿದ್ದೀಯೆ.”

“ಹೌದು,” ಎಂದೆ.

“ನನ್ ಗಂಡ ಸತ್ತಿದ್ದು ನಿಮ್ ಸಂಬಳುಕ್ಕೆ ಬೇಕಾಯ್ತಾ?”

ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಹೊರಟುಬಿಡಬೇಕು ಎಂದುಕೊಂಡೂ ಹೊಸ್ತಿಲ ಈಚೆಗೇ ನಿಂತಿದ್ದೆ. ಆಕೆ ಮತ್ತೆ ಸೊಪ್ಪು ಬಿಡಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ ಎನ್ನುವ ಹಾಗೆ ಮಾತಾಡಿದರು.

“ಅವ್ರುನ್ನ ಮಣ್ ಮಾಡಿದ್ ದಿನ್ವೇ ಹುಳ ಜ್ವರದ್ ನಿದ್ದೆ ಮುಗ್ಸಿ ಎದ್ದೋ. ಪೊರೆ ಬುಟ್ಟು ಬಾಯ್ ತಕ್ಕಂಡು ಕುಂತಿದ್ವು. ಮಣ್ ಮಾಡಿ ಬಂದು ಕೈ ತೊಳ್ಕಂಡು ಸೊಪ್ಪಾಕ್ದೆ. ಅಳಾಕೂ ಒತ್ತಿರ್ನಿಲ್ಲ.” ಆಮೇಲೆ ನನ್ನ ಕಡೆ ನೋಡಿದರು. “ಬೇಗ ಬಂದಿದ್ರೆ ಉಳೀತಿದ್ರಾ?”

“ಗೊತ್ತಿಲ್ಲವ್ವಾ. ಉಳೀಬಹುದಿತ್ತು. ಉಳೀತಿದ್ರು ಅಂತ ಹೇಳಕ್ಕಾಗಲ್ಲ.”

“ಆ ಕಾರ್ನೋನು, ಬೇಗ ಬಂದಿದ್ರೂ ಉಳೀತಿರ್ನಿಲ್ಲ ಅಂದ,” ಎಂದರು. ಅಷ್ಟಕ್ಕೆ ಮಾತು ಮುಗಿಯಿತು. ಏನು ಮಾಡುತ್ತೇನೆ ಎಂದು ಆಕೆ ಹೇಳಲಿಲ್ಲ. ನಾನು ವಿಚಾರಣೆಯ ದಿನ ಯಾವತ್ತು ಎಂದು ಹೇಳಿ ಬಂದೆ.

ಆ ದಿನ ಲೇಬರ್ ಆಫೀಸಿನ ಕಾರಿಡಾರಿನಲ್ಲಿ ನಾನು, ಡ್ರೈವರ್, ಮಾಗಡಿ ಕಡೆಯ ಇಬ್ಬರು ಸಿಬ್ಬಂದಿ, ಇಷ್ಟೇ ಜನ. ಹೇಳಿಕೆಗಳನ್ನು ಹಿಂದಿನ ವಾರವೇ ಕೊಟ್ಟಿದ್ದೆವು. ಮೇಲ್ವಿಚಾರಕ ನನ್ನನ್ನು ನೋಡಿಯೂ ನೋಡದವನಂತೆ ಒಳಗೆ ಹೋದ. ನಮ್ಮನ್ನು ಕರೆಯುವ ಹೊತ್ತಿಗೆ ಆಕೆ ಮೆಟ್ಟಿಲು ಹತ್ತಿ ಬಂದರು. ರೇಷ್ಮೆಗೂಡನ್ನು ಮಾರ್ಕೆಟ್ಟಿಗೆ ಹಾಕಿ ನೇರವಾಗಿ ಬಂದಿದ್ದರು. ಸೀರೆಯ ತುಂಬ ಗೂಡಿನ ನೂಲೆಳೆಗಳು ಅಂಟಿಕೊಂಡಿದ್ದವು. ಪಕ್ಕದ ಬೆಂಚಿನ ತುದಿಯಲ್ಲಿ ಕೂತರು.

ಒಳಗೆ ಕಂಪನಿಯ ಪರವಾದಾತ ಅದೇ ಮೃದು ದನಿಯಲ್ಲಿ, ಮನೆಯಲ್ಲಿದ್ದ ಹೊತ್ತು ಡ್ಯೂಟಿಯಲ್ಲ ಎಂದ. ಹಾಗಾದರೆ ಈ ಡ್ರೈವರನ್ನು ಯಾವ ಡ್ಯೂಟಿಗೆ ತಡವಾಗಿ ಬಂದರೆಂದು ನಿಲ್ಲಿಸಿದ್ದೀರಿ ಎಂದು ಅಧಿಕಾರಿ ಕೇಳಿದರು. ಅದು ಬೇರೆ ವಿಷಯ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದ. ಆಗ ಬಾಗಿಲ ಹತ್ತಿರ ನಿಂತಿದ್ದ ಆಕೆ ಬಾಯಿ ತೆರೆದರು.

“ಸಾಮಿ, ನಾನು ಸತ್ತೋನ್ ಎಂಡ್ತಿ. ಅವತ್ತು ಇವ್ರು ಕೆಲ್ಸುದಲ್ ಇದ್ರಾ, ಇಲ್ವಾ? ಅದೊಂದ್ ಏಳಿ ನಂಗೆ. ಇದ್ರು ಅಂದ್ರೆ ಸಂಬಳ ಕೊಡಿ, ತಡ ಆಗಿದ್ಕೆ ಇವ್ರುನ್ನ ನಾನು ಕೇಳ್ಕತೀನಿ. ಇರ್ನಿಲ್ಲ ಅಂದ್ರೆ, ಆ ರಾತ್ರಿ ನಮ್ ಕಡೀಗೆ ಯಾರ್ನ ಮಡಗಿದ್ರಿ? ಅವ್ರ್ ಎಸರ್ ಏಳಿ.”

ಮೇಲ್ವಿಚಾರಕ ಫೋನು ನೋಡಿಕೊಂಡ. ಅಧಿಕಾರಿ ನನ್ನತ್ತ ತಿರುಗಿದರು. “ನೀವೇನು ಹೇಳ್ತೀರಮ್ಮ?”

“ಡ್ಯೂಟಿಯಲ್ಲಿದ್ದೆವು ಸರ್. ಗಾಡಿ ತಡವಾಗಿ ಹೊರಟಿತು. ಅದಕ್ಕೆ ಏನು ಕ್ರಮ ತಗೊಂಡ್ರೂ ಸರಿ. ಆದರೆ ಡ್ಯೂಟಿಯಲ್ಲಿದ್ದರು ಅಂತಲೇ ದಾಖಲಾಗಲಿ,” ಎಂದೆ. ಧ್ವನಿ ನಡುಗಲಿಲ್ಲ. ಅದು ಧೈರ್ಯವಲ್ಲ, ನಡುಗುವುದಕ್ಕೆ ಒಳಗೆ ಏನಾದರೂ ಅಲ್ಲಾಡಬೇಕಲ್ಲ.

ಕಂಪನಿಯಾತ ಹೊರಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಡ್ಯೂಟಿಯಲ್ಲಿ ಇರಲಿಲ್ಲ ಎಂದರೆ, ಗಾಡಿಗೆ ರಾತ್ರಿಯೂ ಸಿಬ್ಬಂದಿ ಇರಬೇಕೆಂಬ ಗುತ್ತಿಗೆಯ ಷರತ್ತು ಮುರಿದ ಹಾಗೆ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು. ಆ ದಿನವೇ ಏನೂ ಬಗೆಹರಿಯಲಿಲ್ಲ. ಮತ್ತೆರಡು ದಿನಾಂಕಗಳಾದವು, ಆಕೆ ಎರಡಕ್ಕೂ ಬಂದರು. ಕೊನೆಗೆ ಒಪ್ಪಂದವಾಯಿತು. ರಾತ್ರಿಗೆ ಮತ್ತೆ ಬೇರೆ ಜೋಡಿ. ರಾತ್ರಿಯಿಡೀ ಗಾಡಿಯ ಹತ್ತಿರವೇ ಇರಬೇಕು. ಕಾಲ್ ಬಂದರೂ ಬರದಿದ್ದರೂ ಪೂರ್ತಿ ಹೊತ್ತಿಗೆ ಸಂಬಳ. ಕಳೆದುಹೋದ ತಿಂಗಳುಗಳದ್ದು ಸಿಗಲಿಲ್ಲ. ಅದನ್ನು ಹಿಡಿದು ಕೂತರೆ ಇದೂ ಹೋಗುತ್ತದೆ ಎಂದರು ನಮ್ಮವರು. ನನಗೂ ಡ್ರೈವರಿಗೂ ತಡವಾದ ಬಗ್ಗೆ ಎಚ್ಚರಿಕೆಯ ಪತ್ರ ಕೊಟ್ಟರು. ಡ್ರೈವರನ್ನು ಕೆಲಸಕ್ಕೆ ತೆಗೆದುಕೊಂಡು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಗೆ ಹಾಕಿದರು. ಮನೆಯಿಂದ ದಿನಾ ಹೋಗಿಬರಲಾಗದ ದೂರ. ಅವರು ಅಲ್ಲೇ ಕೋಣೆ ಮಾಡಿಕೊಂಡರು.

ಕೊನೆಯ ದಿನ ಮೆಟ್ಟಿಲ ಮೇಲೆ ಆಕೆಗೆ ಕೈ ಮುಗಿದೆ. ಆಕೆ ಮುಗಿಯಲಿಲ್ಲ. “ನಿನ್ ಮ್ಯಾಲಿನ್ ಕಂಪ್ಲೇಂಟು ಅಂಗೇ ಐತೆ ಕಣವ್ವಾ. ನಾನು ತಗಿಯಾಕಿಲ್ಲ,” ಎಂದರು. “ತೆಗೀಬೇಡಿ,” ಎಂದೆ. ಆಕೆ ಸೆರಗು ಸರಿ ಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಹೊಸ ಡ್ರೈವರನ ಜೊತೆ ಮೊದಲ ರಾತ್ರಿಯ ಡ್ಯೂಟಿಗೆ ಕೂತಾಗ ಏನಾದರೂ ಅನ್ನಿಸಬಹುದು ಎಂದುಕೊಂಡಿದ್ದೆ. ಸಿಲಿಂಡರ್ ನೋಡಿದೆ, ಬ್ಯಾಗು ಜೋಡಿಸಿದೆ, ಸೀಟಿಗೆ ಒರಗಿದೆ. ಬೀದಿನಾಯಿಗಳು ಕಚ್ಚಾಡಿ ಸುಮ್ಮನಾದವು. ಆರೋಗ್ಯ ಕೇಂದ್ರದ ಒಳಗೆ ಯಾವುದೋ ಮಗು ಅತ್ತು ಮಲಗಿತು. ಒಂದೇ ಒಂದು ಕಾಲ್ ಬರಲಿಲ್ಲ. ನಮ್ಮ ಹೋಬಳಿಯಲ್ಲಿ ಆ ರಾತ್ರಿ ಯಾರ ಎದೆಯೂ ನೋಯಲಿಲ್ಲ, ಯಾರೂ ಬೀಳಲಿಲ್ಲ, ಯಾರಿಗೂ ಹೆರಿಗೆನೋವು ಬರಲಿಲ್ಲ.

ಬೆಳಿಗ್ಗೆ ಹಗಲಿನ ಜೋಡಿಗೆ ಕೀ ಕೊಟ್ಟು ಚನ್ನಪಟ್ಟಣದ ಬಸ್ಸು ಹತ್ತಿದೆ. ಕೂತದ್ದೊಂದೇ ಗೊತ್ತು. ಎಚ್ಚರವಾದಾಗ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಒಳಗೆ ನಾನೊಬ್ಬಳೇ. ಕಂಡಕ್ಟರ್ ಸೀಟಿನ ಕಂಬಿ ಬಡಿಯುತ್ತಿದ್ದ.

“ಅಕ್ಕಾ, ಇಳೀರಿ, ಚನ್ನಪಟ್ಟಣ ಬಂತು. ಏನ್ ಇಂಗ್ ನಿದ್ದೆ ಒಡೀತಿದ್ದೀರಿ? ಎಲ್ಲಿಂದ ಬತ್ತಿದ್ದೀರಿ?”

“ಡ್ಯೂಟಿಯಿಂದ.”

“ರಾತ್ರಿಯೆಲ್ಲಾ ಕೆಲ್ಸ ಇತ್ತಾ?”

“ಹೂಂ,” ಎಂದು ಚೀಲ ಹೆಗಲಿಗೆ ಹಾಕಿಕೊಂಡೆ. “ರಾತ್ರಿಯೆಲ್ಲಾ ಕೆಲಸ ಇತ್ತು.”